ಕುಳ್ಳರ ರಾಜನನ್ನು ಹಿಡಿಯಲು ಮೂರಡಿ ವೇದಿಕೆ ಸಾಕು

1959ರ ಮೇ 29ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದ ವಾಲ್ಟ್ ಡಿಸ್ನಿಯ ಟಿವಿ ಚಿತ್ರದ ಹೆಸರು ‘ಐ ಕ್ಯಾಪ್ಚರ್ಡ್ ದ ಕಿಂಗ್ ಆಫ್ ದ ಲೆಪ್ರಕಾನ್ಸ್’. ಮುಂದಿನ ತಿಂಗಳು ತೆರೆ ಕಾಣಲಿದ್ದ ‘ಡಾರ್ಬಿ ಓಗಿಲ್ ಅಂಡ್ ದ ಲಿಟಲ್ ಪೀಪಲ್’ ಸಿನಿಮಾಕ್ಕೆ ಅದು ಪೀಠಿಕೆ. ನಟ ಪ್ಯಾಟ್ ಓಬ್ರಿಯನ್ ಬಾಯಲ್ಲಿ ಲೆಪ್ರಕಾನ್‌ಗಳ, ಅಂದರೆ ಐರ್ಲೆಂಡಿನ ಜನಪದ ಕಥೆಗಳ ಮಾಯಾವಿ ಕುಳ್ಳರ, ಸುದ್ದಿ ಕೇಳಿದ ಡಿಸ್ನಿ ಅಲ್ಲಿಗೇ ಹೋಗುತ್ತಾರೆ. ಮುದುಕ ಡಾರ್ಬಿ, ಕುಳ್ಳರ ರಾಜ ಬ್ರಯನ್ ಇಬ್ಬರನ್ನೂ ಭೇಟಿಯಾಗುತ್ತಾರೆ. ತೆರೆಯ ಹಿಂದಿನ ಕಥೆ ಅನ್ನುತ್ತಲೇ ಕುಳ್ಳರು ನಿಜವಾಗಿ ಇದ್ದಾರೆ ಅನ್ನುವ ಪಟ್ಟನ್ನು ಬಿಡುವುದಿಲ್ಲ. ಮೂಲ ಸಿನಿಮಾದ ಆರಂಭದಲ್ಲೂ ಸಹಕರಿಸಿದ ರಾಜ ಬ್ರಯನ್‌ಗೆ ಡಿಸ್ನಿಯ ಕೃತಜ್ಞತೆ ಇದೆ.

ನಮ್ಮ ದಾದಾಸಾಹೇಬ್ ಫಾಲ್ಕೆ 1917ರಲ್ಲೇ ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ತೋರಿಸಲು ಒಂದು ಚಿತ್ರ ಮಾಡಿದ್ದರು. ಅವರದು ಕಲಿಸುವ ಮನಸ್ಸು, ಡಿಸ್ನಿಯದು ಮುಚ್ಚಿಡುವ ಮನಸ್ಸು. ಜನಪದದ ಮಟ್ಟಿಗೆ ಡಿಸ್ನಿ ಮಾಡಿದ್ದೇ ಸರಿ. ಲೆಪ್ರಕಾನ್‌ನನ್ನು ಹಿಡಿದವರು ಅವನ ಮೇಲಿಂದ ಕಣ್ಣು ತೆಗೆಯಬಾರದು, ತೆಗೆದರೆ ಮಾಯ, ಇದು ಐರಿಷ್ ಕಥೆಗಳ ಕಟ್ಟಳೆ. ವಿಶೇಷ ಪರಿಣಾಮಗಳ ತಜ್ಞರಾದ ಪೀಟರ್ ಎಲೆನ್‌ಶಾ ಮತ್ತು ಯೂಸ್ಟೇಸ್ ಲೈಸೆಟ್ ಡಾರ್ಬಿ ಸಿನಿಮಾದಲ್ಲಿ ಬಳಸಿದ ದೂರ-ಹತ್ತಿರದ ತಂತ್ರಕ್ಕೂ, ಅಂದರೆ ದೂರ ನಿಂತವನನ್ನು ಪಕ್ಕದಲ್ಲೇ ಇರುವ ಕುಳ್ಳನಂತೆ ತೋರಿಸುವುದಕ್ಕೂ, ಇದೇ ಕಟ್ಟಳೆ. ಕ್ಯಾಮೆರಾದ ಕಣ್ಣು ಒಂದೇ ಜಾಗದಲ್ಲಿ ನಿಲ್ಲಬೇಕು, ಅಷ್ಟೇ.

ಮುಂಬಯಿಯ ಕನ್ನಡ ಸಂಘಗಳ ಮಕ್ಕಳ ಕಿರುಚಿತ್ರಕ್ಕೆ ಇದನ್ನು ಸಭಾಗೃಹದಲ್ಲೇ ಮಾಡಬಹುದು. ಕುಳ್ಳ ನಾಲ್ಕನೇ ಒಂದು ಪಾಲು ಕಾಣಬೇಕೆಂದರೆ ಅವನು ಕ್ಯಾಮೆರಾದಿಂದ ನಾಲ್ಕು ಪಟ್ಟು ದೂರ ನಿಲ್ಲಬೇಕು. ದೊಡ್ಡವನು 3 ಮೀಟರ್‌ನಲ್ಲಿ, ಕುಳ್ಳ 12 ಮೀಟರ್‌ನಲ್ಲಿ. 168 ಸೆಂ.ಮೀ. ಎತ್ತರದ ನಟ ಆಗ 42 ಸೆಂ.ಮೀ. ಕಾಣುತ್ತಾನೆ.

ಲೆಕ್ಕ ಇಷ್ಟು ಸುಲಭ, ಕೆಡುವುದು ನೆಲದಲ್ಲಿ. ಇಬ್ಬರೂ ಒಂದೇ ಮಟ್ಟದ ನೆಲದಲ್ಲಿದ್ದರೆ ಹಿಂದಿನವನ ಪಾದ ಮೇಲೆ ಕಾಣುತ್ತದೆ, ದೂರ ನಿಂತಿದ್ದಾನೆ ಎಂದು ಯಾರಿಗೂ ತಿಳಿಯುತ್ತದೆ. ಇಲ್ಲಿ ನೆರವಿಗೆ ಬರುವುದು ವೇದಿಕೆ. ಎತ್ತರ 90 ಸೆಂ.ಮೀ. ಅಂದರೆ ಮೂರಡಿ ಇದ್ದರೆ, ಕ್ಯಾಮೆರಾವನ್ನು ವೇದಿಕೆಯ ಮೇಲೆಯೇ, ಲೆನ್ಸ್ 30 ಸೆಂ.ಮೀ. ಎತ್ತರದಲ್ಲಿ ಬರುವಂತೆ ಸಭಿಕರ ಕಡೆ ಮುಖ ಮಾಡಿ ಇಡಿ. ದೊಡ್ಡವನು 3 ಮೀಟರ್ ಮುಂದೆ, ವೇದಿಕೆಯ ಅಂಚಿಗೆ ಒತ್ತಿ ಚಕ್ಕಳಮಕ್ಕಳ ಹಾಕಿ ಕೂರಲಿ. ಕುಳ್ಳ ಅಂಚಿನಿಂದ 9 ಮೀಟರ್ ಆಚೆ, ಕೆಳಗಿನ ನೆಲದಲ್ಲಿ ನಿಲ್ಲಲಿ. ಲೆನ್ಸ್‌ನಿಂದ ವೇದಿಕೆಯ ಅಂಚನ್ನು ಸವರಿಕೊಂಡು ಹೋದ ಗೆರೆ ಸರಿಯಾಗಿ ಅವನ ಪಾದಕ್ಕೇ ತಾಗುತ್ತದೆ, ನಡುವಿನ ನೆಲವೆಲ್ಲ ಅಂಚಿನ ಹಿಂದೆ ಮರೆ. ವೇದಿಕೆ ಬೇರೆ ಎತ್ತರದ್ದಾದರೆ ಅದನ್ನು ಮೂರರಿಂದ ಭಾಗಿಸಿ, ಲೆನ್ಸ್‌ನ ಎತ್ತರ ಸಿಗುತ್ತದೆ. ಕೂತವನ ಬೆನ್ನಿಗೆ ಮೂರಡಿ ಆಳ ಇರುತ್ತದೆ. ಅವನು ಏಳುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ವೇದಿಕೆಯ ಹಲಗೆ ಒಂದು ಬಣ್ಣ, ಕೆಳಗಿನ ಟೈಲ್ಸ್ ಇನ್ನೊಂದು. ಎರಡಕ್ಕೂ ಒಂದೇ ಥಾನಿನ ಗಾಢ ಬಣ್ಣದ ಬಟ್ಟೆ ಹಾಸಿ. ಚೌಕಳಿ, ಹೂವಿನ ವಿನ್ಯಾಸ ಬೇಡ, ದೂರದಲ್ಲಿ ಅದೂ ಕಾಲು ಭಾಗಕ್ಕಿಳಿದು ಗುಟ್ಟು ರಟ್ಟು ಮಾಡುತ್ತದೆ. ದೊಡ್ಡವನ ಕಾಫಿ ಲೋಟ ಕುಳ್ಳನ ಪಕ್ಕದಲ್ಲಿ ಇರಬೇಕೆಂದರೆ, 10 ಸೆಂ.ಮೀ. ಲೋಟದ ಬದಲು 40 ಸೆಂ.ಮೀ. ಎತ್ತರದ, ಅದೇ ಆಕಾರದ ಸ್ಟೀಲ್ ಪಾತ್ರೆ ಹುಡುಕಬೇಕು.

ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಆದರೆ 35 ಎಂಎಂ ಲೆನ್ಸ್, ಬೆಳಕಿನ ಕಿಂಡಿ ಎಫ್ 8, ಫೋಕಸ್ 5 ಮೀಟರ್‌ಗೆ. ಸುಮಾರು ಎರಡೂವರೆ ಮೀಟರ್‌ನಿಂದಾಚೆ ಎಲ್ಲವೂ ಚೂಪಾಗಿ ಬರುತ್ತದೆ. 50 ಎಂಎಂ ಹಾಕಿದರೆ ಇಬ್ಬರಲ್ಲಿ ಒಬ್ಬರು ಮಸುಕು. ಎಫ್ 2ರಲ್ಲಿ ಸಾಕಾಗುತ್ತಿದ್ದ ಬೆಳಕಿನ 16 ಪಟ್ಟು ಇಲ್ಲಿ ಬೇಕು, ಆದ್ದರಿಂದ ಬಾಡಿಗೆ ಲೈಟುಗಳಲ್ಲಿ ಜಿಪುಣತನ ಬೇಡ. ಇಬ್ಬರ ನೆರಳೂ ಒಂದೇ ದಿಕ್ಕಿಗೆ ಬೀಳಲಿ. ಊದುಬತ್ತಿ ಹಚ್ಚಬೇಡಿ, ಹೊಗೆ ಕವಿದು ದೂರದವನು ಮಾತ್ರ ಮಂಕಾಗುತ್ತಾನೆ.

ಇನ್ನು ನೋಟ. ಹೆಚ್ಚಿನವರು ಸೋಲುವುದು ಇಲ್ಲೇ. ಕೂತವನು ಹಿಂದೆ ತಿರುಗಿ ನಿಜವಾದ ಸಹನಟನನ್ನು ನೋಡಿಬಿಡುತ್ತಾನೆ. ಅವನು ನೋಡಬೇಕಾದ್ದು ತನ್ನ ಪಕ್ಕದಲ್ಲಿ 60 ಸೆಂ.ಮೀ. ಆಚೆ, ನೆಲದಿಂದ 39 ಸೆಂ.ಮೀ. ಎತ್ತರದಲ್ಲಿ, ಕುಳ್ಳನ ಕಣ್ಣು ಕಾಣುವ ಖಾಲಿ ಜಾಗವನ್ನು. ತಾಲೀಮಿನಲ್ಲಿ ಯಾರಾದರೂ ಅಲ್ಲಿ ಬೆರಳು ಹಿಡಿದು ರೂಢಿ ಮಾಡಿಸಿ. ಕುಳ್ಳನಿಗೆ ಅವನ ಪಕ್ಕ 2.4 ಮೀಟರ್ ದೂರದಲ್ಲಿ, ಅಂಚಿನಿಂದ ಅವನಷ್ಟೇ ಆಚೆ, 3 ಮೀಟರ್ ಎತ್ತರದ ಬಿದಿರು ನಿಲ್ಲಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿ. ಅದು ದೊಡ್ಡವನ ಕಣ್ಣಿನ ಜಾಗ, ಕುಳ್ಳ ಅದನ್ನೇ ನೋಡಲಿ. ಆ ಬಿದಿರು ಕ್ಯಾಮೆರಾಕ್ಕೆ ಕಾಣುವುದಿಲ್ಲ, ಕೂತವನ ಮೈ ಹಿಂದೆಯೇ ಅಡಗುತ್ತದೆ. ಈ ಜಾಣ್ಮೆ ನನಗೆ ಎಲ್ಲಕ್ಕಿಂತ ಇಷ್ಟ.

ಮಾತಿಗೆ ಇಬ್ಬರಿಗೂ ಕಾಲರ್ ಮೈಕ್ ಹಾಕಿ. ಟ್ರೈಪಾಡ್ ಕಾಲುಗಳ ಸುತ್ತ ಟೇಪ್ ಅಂಟಿಸಿ. ಕ್ಯಾಮೆರಾ ಪಕ್ಕಕ್ಕೆ 10 ಸೆಂ.ಮೀ. ಸರಿದರೂ ಕುಳ್ಳ ಏಳೂವರೆ ಸೆಂ.ಮೀ. ಜಾರಿದಂತೆ ಕಾಣುತ್ತದೆ, ಅವನ ಎತ್ತರವೇ 42. ಬರಿಗಣ್ಣಲ್ಲಿ ಪರೀಕ್ಷಿಸುವವರು ಲೆನ್ಸ್ ಇರುವ ಜಾಗಕ್ಕೇ ತಲೆ ತಗ್ಗಿಸಿ ಒಂದು ಕಣ್ಣು ಮುಚ್ಚಬೇಕು. ಎರಡೂ ಕಣ್ಣು ತೆರೆದರೆ ದೂರ ತಿಳಿದುಬಿಡುತ್ತದೆ, ರಾಜ ಮಾಯ.