ಅಪ್ಪ ಕೇಳಿದ ರಸೀದಿ

ಭಾನುವಾರ ಮಗಳು ಪಾರ್ಕಿನಲ್ಲಿ ಹಗ್ಗದ ಏಣಿಯಿಂದ ಬಿದ್ದು ಕೈ ಮುರಿದುಕೊಂಡಳು. ಎಡಗೈ ಮಣಿಕಟ್ಟಿನ ಹತ್ತಿರ ಸಣ್ಣ ಬಿರುಕು, ನಾಲ್ಕು ವಾರ ಪ್ಲಾಸ್ಟರ್. ಅವಳು ಆಗಲೇ ಅದನ್ನ ಮರೆತು ಕುಣಿಯುತ್ತಿದ್ದಾಳೆ. ನನಗೆ ಮಾತ್ರ ಆಸ್ಪತ್ರೆಯಿಂದ ಹೊರಡುವಾಗ ಅಪ್ಪ ಕೌಂಟರ್ ಮುಂದೆ ಪರ್ಸ್ ಹಿಡಿದು ನಿಂತಿದ್ದು ಕಣ್ಮುಂದೆ ಬರುತ್ತಲೇ ಇದೆ.

"ಬಿಲ್ ಎಲ್ಲಿ?" ಅಂದರು.

"ಬಿಲ್ ಇಲ್ಲಪ್ಪ."

"ಆಮೇಲೆ ಮನೆಗೆ ಕಳಿಸ್ತಾರಾ?"

"ಇಲ್ಲಪ್ಪ, ಬಿಲ್ಲೇ ಇಲ್ಲ. ಒಳಗೆ ಬರುವಾಗ ಅವಳ ವಿಮೆ ಕಾರ್ಡ್ ಕೊಟ್ಟೆನಲ್ಲ, ಮುಗೀತು."

ಅಪ್ಪ ಕದಲಲಿಲ್ಲ. ಪರ್ಸಿನ ಬಾಯಿ ತೆರೆದೇ ಇತ್ತು. ಬೆಂಗಳೂರಿನಲ್ಲಿ ಬದಲಾಯಿಸಿಕೊಂಡು ತಂದ ಐವತ್ತು ಯೂರೋ ನೋಟುಗಳು, ಎರಡು ತಿಂಗಳಾದರೂ ಮಡಿಕೆ ಬಿಚ್ಚಿಲ್ಲ. ಕೌಂಟರಿನ ಹುಡುಗಿ ಮುಂದಿನವರನ್ನ ಕರೆದಳು. ನಾನು ತೋಳು ಹಿಡಿದು ಕರೆದುಕೊಂಡು ಬರಬೇಕಾಯಿತು.

ಇದು ಅರ್ಥವಾಗಬೇಕಾದರೆ ಅದಕ್ಕೆ ಎರಡು ದಿನ ಮುಂಚಿನ ಕಥೆ ಹೇಳಬೇಕು. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಪ್ಪ ತಿಪಟೂರಿನ ಕಡೆ ಒಂದು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದವರು. ಜೀವಮಾನವೆಲ್ಲ ರಸೀದಿ ಹರಿದು ಕೊಟ್ಟವರು. ನನ್ನ ಸಂಬಳದ ಚೀಟಿ ಊಟದ ಮೇಜಿನ ಮೇಲೆ ಬಿದ್ದಿತ್ತು. ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ಕೂತೇಬಿಟ್ಟರು. ಭಾಷೆ ಬರದಿದ್ದರೇನು, ಅಂಕಿ ಬರುತ್ತಲ್ಲ. ಮೇಲೆ 5,200 ಯೂರೋ, ಕೆಳಗೆ ಕೈಗೆ ಬಂದಿದ್ದು 3,250ರ ಹತ್ತಿರ. ಈಗ ಯೂರೋ ನೂರು ರೂಪಾಯಿ ದಾಟಿರುವುದರಿಂದ ಅಪ್ಪನಿಗೆ ಗುಣಾಕಾರ ಸುಲಭ. "ತಿಂಗಳಿಗೆ ಹತ್ತಿರ ಹತ್ತಿರ ಎರಡು ಲಕ್ಷ ಹಿಡ್ಕೊಂಡಿದ್ದಾರಲ್ಲಮ್ಮ!" ಅಂದರು. ಆಮೇಲೆ, ಒಂದು ನಿಮಿಷ ಬಿಟ್ಟು, "ಇಷ್ಟಕ್ಕೆ ರಸೀದಿ ಏನು ಕೊಟ್ರು?"

ನಾನು ನಕ್ಕೆ. ನಗಬಾರದಿತ್ತು.

ಇಲ್ಲಿರುವ ನಮ್ಮವರು ಸೇರಿದ ಕಡೆಯೆಲ್ಲ ಒಂದೇ ರಾಗ: ಅರ್ಧ ದುಡ್ಡು ಟ್ಯಾಕ್ಸ್‌ಗೇ ಹೋಗುತ್ತೆ. ದೀಪಾವಳಿ ಊಟದಲ್ಲೂ ಒಬ್ಬರು ಹೋಳಿಗೆ ಬಡಿಸಿಕೊಳ್ಳುತ್ತಾ ಅದನ್ನೇ ಹೇಳಿದರು. ಇಬ್ಬರು ಮಕ್ಕಳಿಗೂ ಸೇರಿ ತಿಂಗಳಿಗೆ ಐನೂರು ಯೂರೋಗೂ ಮೇಲೆ ಮಕ್ಕಳ ಭತ್ಯೆ ಅವರ ಖಾತೆಗೆ ಬೀಳುತ್ತೆ, ಅದರ ಸುದ್ದಿ ಇಲ್ಲ. ನನ್ನ ಚೀಟಿಯಲ್ಲಿ ನಿಜವಾದ ಆದಾಯ ತೆರಿಗೆ ಇರುವುದು ಸುಮಾರು 860 ಯೂರೋ. ಮಿಕ್ಕಿದ್ದು ವಿಮೆ: ಪಿಂಚಣಿಗೆ 484, ಆರೋಗ್ಯಕ್ಕೆ 445, ವಯಸ್ಸಾಗಿ ಹಾಸಿಗೆ ಹಿಡಿದರೆ ನೋಡಿಕೊಳ್ಳುವುದಕ್ಕೆ 94, ಕೆಲಸ ಹೋದರೆ ಅಂತ 68. ಕಂಪನಿಯವರೂ ನನ್ನ ಹೆಸರಲ್ಲಿ ಹೆಚ್ಚುಕಡಿಮೆ ಅಷ್ಟೇ ಕಟ್ಟುತ್ತಾರೆ. ಅಂದರೆ ತೆರಿಗೆಗಿಂತ ವಿಮೆಗೇ ಜಾಸ್ತಿ ಹೋಗುತ್ತೆ. ಕೈಗೆ ಬರಲ್ಲ ಅನ್ನುವುದು ನಿಜ, ಅದಕ್ಕೆ ಎಲ್ಲವನ್ನೂ ಒಂದೇ ಹೆಸರಿನಿಂದ ಬೈದುಬಿಡುತ್ತೇವೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ತಲೆ ಆಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ. ಸಂಜೆ ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದಾಗ, "ನಿಮ್ಮಕ್ಕಂದು ಹೀಗಂತೆ ಕಣೋ" ಅಂತ ಶುರು ಮಾಡಿದರು. ತಮ್ಮನಿಗೆ ಅಷ್ಟು ಸಾಕು. "ಅಕ್ಕಾ, ಇಲ್ಲಿ ಈಗ ಸಂಬಳದವರಿಗೆ 12 ಲಕ್ಷದ 75 ಸಾವಿರದವರೆಗೆ ಟ್ಯಾಕ್ಸೇ ಇಲ್ಲ, ಗೊತ್ತಾ? ನೀನು ಸುಮ್ನೆ ಅಲ್ಲಿ ದುಡಿದು ಅವರಿಗೆ ಹಾಕ್ತಿದ್ದೀಯ" ಅಂದ. ಅವನ ಸಂಬಳ ವರ್ಷಕ್ಕೆ 24 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ 2 ಲಕ್ಷದ 92 ಸಾವಿರ ತೆರಿಗೆ, ನೂರಕ್ಕೆ 12ರ ಸುತ್ತಮುತ್ತ. ನನ್ನದರ ಮುಂದೆ ಏನೂ ಅಲ್ಲ, ಒಪ್ಪುತ್ತೇನೆ.

ನನ್ನ ತಮ್ಮ ಒಳ್ಳೆಯವನೇ. ಆದರೆ ಅವನದು ಗೆದ್ದೇ ಮಾತು ಮುಗಿಸುವ ಜಾತಿ. ಮಗನ ಸ್ಕೂಲಿಗೆ 1 ಲಕ್ಷದ 80 ಸಾವಿರ, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಕರೆಂಟ್ ಹೋದರೆ ಅಪಾರ್ಟ್‌ಮೆಂಟಿನ ಜನರೇಟರ್, ಅಪ್ಪ ಅಮ್ಮನ ಆರೋಗ್ಯ ವಿಮೆ, ಇದ್ಯಾವುದೂ ಅವನ ಲೆಕ್ಕದಲ್ಲಿ ಟ್ಯಾಕ್ಸ್ ಅಲ್ಲ. ಅವನ ತೆರಿಗೆಯ ಮೇಲೆ ನೂರಕ್ಕೆ 4 ಸೆಸ್ ಬೀಳುತ್ತಲ್ಲ, ಅದರ ಹೆಸರೇ ಆರೋಗ್ಯ ಮತ್ತು ಶಿಕ್ಷಣ ಸೆಸ್. ವರ್ಷಕ್ಕೆ 11,250 ರೂಪಾಯಿ ಅದಕ್ಕೆ ಕಟ್ಟಿ, ಆಮೇಲೆ ಸ್ಕೂಲಿಗೂ ಆಸ್ಪತ್ರೆಗೂ ಹೊಸದಾಗಿ ಪರ್ಸ್ ತೆಗೀತಾನೆ. ವಿಮೆ ಕಂತಿನ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ, ಅದೊಂದು ಖುಷಿ ಅವನಿಗೆ.

ಹಾಗಂತ ಇಲ್ಲಿ ಸ್ವರ್ಗ ಅಂತಲ್ಲ. ಭಾನುವಾರ ತುರ್ತು ವಿಭಾಗದಲ್ಲಿ ನಾಲ್ಕು ಗಂಟೆ ಕೂತಿದ್ದೆವು. ಮಗು ಅಳುತ್ತಿತ್ತು. "ದುಡ್ಡು ಕೊಟ್ರೆ ಬೇಗ ನೋಡ್ತಾರಾ ಕೇಳು" ಅಂದರು ಅಪ್ಪ. ನನಗೆ ನಾಚಿಕೆಯಾಯಿತು, ಆದರೆ ಪ್ರಶ್ನೆ ಪೂರ್ತಿ ತಪ್ಪಲ್ಲ. ಚರ್ಮದ ಡಾಕ್ಟರಿಗೆ ನಾನು ಮೂರು ತಿಂಗಳು ಕಾದಿದ್ದೇನೆ, ಖಾಸಗಿ ವಿಮೆ ಇರುವ ನನ್ನ ಸಹೋದ್ಯೋಗಿಗೆ ಒಂದೇ ವಾರದಲ್ಲಿ ಸಿಕ್ಕಿತ್ತು. ಮನೆ ಬಾಡಿಗೆ 1,500. ಟಿವಿ ನೋಡಲಿ ಬಿಡಲಿ, ಸರ್ಕಾರಿ ರೇಡಿಯೋ ಟಿವಿಗೆ ಅಂತ ಪ್ರತಿ ಮನೆಯೂ ತಿಂಗಳಿಗೆ 18 ಯೂರೋ 36 ಸೆಂಟ್ ಕಟ್ಟಬೇಕು. ಅಪ್ಪ ಬಂದಾಗಿನಿಂದ ಕ್ಷೌರ ಮಾಡಿಸಿಲ್ಲ. ಮೂವತ್ತು ಯೂರೋ ಅಂದಿದ್ದಕ್ಕೆ, "ಊರಿಗೆ ಹೋಗಿ ಮಾಡಿಸ್ಕೋತೀನಿ, ಮೂರು ಸಾವಿರಕ್ಕೆ ತಲೇನೇ ಬೇರೆ ಹಾಕ್ಕೊಡ್ತಾರಾ?" ಅಂತ ಕೂದಲು ಬಿಟ್ಟುಕೊಂಡು ಸಾಧುವಿನ ಹಾಗೆ ಓಡಾಡುತ್ತಿದ್ದಾರೆ.

ಆದರೆ ಆ ಕೌಂಟರ್. ರಾತ್ರಿ ಮಲಗಿದಾಗಲೂ ಅದೇ. ಪರ್ಸ್ ತೆರೆದು ನಿಂತ ಭಂಗಿಯನ್ನ ನಾನು ಮೊದಲೇ ಎಲ್ಲೋ ನೋಡಿದ್ದೆ. ಆರು ವರ್ಷದ ಹಿಂದೆ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆದಾಗ, ಊರಿನ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮೊದಲು ಐವತ್ತು ಸಾವಿರ ಕಟ್ಟಿ, ಆಮೇಲೆ ಅಡ್ಮಿಟ್. ಅಮ್ಮ ಸ್ಟ್ರೆಚರ್ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು, ಅಪ್ಪ ಕ್ಯಾಷ್ ಕೌಂಟರಿನ ಕಿಟಕಿಯಲ್ಲಿ ನೋಟು ಎಣಿಸುತ್ತಿದ್ದರು. ಒಂದು ನೂರು ರೂಪಾಯಿ ನೋಟು ಹರಿದಿದೆ ಅಂತ ಆ ಕಡೆಯವನು ವಾಪಸ್ ತಳ್ಳಿದ. ಅಪ್ಪ ಬೇರೆ ನೋಟು ಹುಡುಕಿ ಕೊಟ್ಟು, ರಸೀದಿ ಇಸಕೊಂಡು, ನಾಲ್ಕಾಗಿ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಡಿಸ್ಚಾರ್ಜ್ ದಿನ ಬೆಳಗ್ಗೆಯಿಂದ ಸಂಜೆವರೆಗೆ ಅದೇ ಕಿಟಕಿ. ನಾನು ರಜೆಗೆ ಬಂದಿದ್ದೆ, ಬೆಂಚಿನ ಮೇಲೆ ಕೂತು ಅವರ ಬೆನ್ನು ನೋಡುತ್ತಿದ್ದೆ.

ಅಂಥವರಿಗೆ ಬಿಲ್ ಇಲ್ಲ ಅಂದರೆ ಏನೋ ತಪ್ಪಾಗಿದೆ ಅಂತಲೇ ಅನ್ನಿಸೋದು. ರಸೀದಿ ಇಲ್ಲದೆ ಹೊರಗೆ ಬಂದರೆ ನಾಳೆ ಯಾರಾದರೂ ಕೇಳಿದರೆ ಏನು ತೋರಿಸೋದು?

ಟ್ರೇನಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದರು. "ಆ 445 ಅಂತ ಇತ್ತಲ್ಲ, ಅದು ಇದಕ್ಕೇನಾ?"

"ಹೂಂ ಅಪ್ಪ. ನನಗೂ ಮಗಳಿಗೂ ಸೇರಿ. ಮಕ್ಕಳಿಗೆ ಬೇರೆ ಕಟ್ಟಂಗಿಲ್ಲ."

"ಕೈ ಮುರೀದೇ ಇದ್ದಿದ್ರೆ ದುಡ್ಡು ವಾಪಸ್ ಬರ್ತಿತ್ತಾ?"

"ಇಲ್ಲ. ಬೇರೆ ಯಾರದ್ದೋ ಕೈಗೆ ಹೋಗ್ತಿತ್ತು."

"ನನ್ನ ಕೈ ಮುರಿದಿದ್ರೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನದು ಪ್ರವಾಸಿ ವೀಸಾ, ಊರಿನಲ್ಲಿ ಮಾಡಿಸಿದ ಟ್ರಾವೆಲ್ ವಿಮೆ. ಅವರಿಗಾದರೆ ಬಿಲ್ ಬರುತ್ತೆ, ದಪ್ಪ ಬಿಲ್ಲೇ ಬರುತ್ತೆ. ವಯಸ್ಸಾದ ಅಪ್ಪ ಅಮ್ಮನನ್ನ ಇಲ್ಲಿ ಕರೆತಂದು ಇಟ್ಟುಕೊಳ್ಳುವ ದಾರಿ ನಮ್ಮಂಥವರಿಗೆ ಬಲು ಕಷ್ಟ. ಮುದುಕರ ಆರೈಕೆಗೆ ಅಂತ ತಿಂಗಳಿಗೆ 94 ಯೂರೋ ಕೊಡುತ್ತೇನೆ, ಇಲ್ಲಿಯ ಯಾರೋ ಅಜ್ಜಿಗೆ ಬೆಳಗ್ಗೆ ಬಂದು ಸ್ನಾನ ಮಾಡಿಸುತ್ತಾರೆ, ಒಳ್ಳೆಯದೇ. ತಿಪಟೂರಿನಲ್ಲಿ ಅಮ್ಮನ ಮಂಡಿಗೆ ಎಣ್ಣೆ ಹಚ್ಚೋಕೆ ಪಕ್ಕದ ಮನೆಯ ಹುಡುಗಿ ಬರಬೇಕು. ಈ ಸಾಲು ಅಪ್ಪನ ಪೆನ್ಸಿಲ್ಲಿಗೆ ಸಿಗಲಿಲ್ಲ, ತಮ್ಮನಿಗೂ ಹೊಳೆದಿಲ್ಲ, ಹೊಳೆದಿದ್ದರೆ ಬಿಡುತ್ತಿರಲಿಲ್ಲ.

ನಿನ್ನೆ ಸಂಜೆ ಮಗಳು ಸ್ಕೆಚ್ ಪೆನ್ ಹಿಡಿದು ಎಲ್ಲರ ಹತ್ತಿರ ಪ್ಲಾಸ್ಟರ್ ಮೇಲೆ ಹೆಸರು ಬರೆಸಿಕೊಳ್ಳುತ್ತಿದ್ದಳು. ಕ್ಲಾಸಿನವರು ಹೂವು, ಹೃದಯ, ಬೆಕ್ಕು ಬರೆದಿದ್ದರು. ತಾತನ ಸರದಿ ಬಂತು. ಅಪ್ಪ ಕನ್ನಡಕ ಏರಿಸಿ, ಜಾಗ ಹುಡುಕಿ, ಸೊಸೈಟಿಯಲ್ಲಿ ಹಾಕುತ್ತಿದ್ದ ಅದೇ ಉದ್ದನೆಯ ಸಹಿ ಹಾಕಿದರು. ಕೆಳಗೆ ಗೆರೆ ಎಳೆದು ತಾರೀಖು ಬರೆದರು.