ಕುತ್ತಿಗೆ ಎಷ್ಟು ಇಂಚು ಇಳಿಸಿದರೆ ಮರ್ಯಾದೆ?

22 ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ರವಿಕೆ ಕಣವನ್ನು ಮೇಜಿನ ಮೇಲೆ ಹರಡಿ, ಅಳತೆ ರವಿಕೆಯನ್ನು ಪಕ್ಕದಲ್ಲಿಟ್ಟು, ತೋಳು ಎಷ್ಟುದ್ದ, ಹುಕ್ಕು ಹಿಂದೆಯೋ ಮುಂದೆಯೋ ಎಂಬುದೆಲ್ಲ ಮುಗಿದ ಮೇಲೆ ಗಿರಾಕಿಗಳು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: "ಕುತ್ತಿಗೆ ಎಷ್ಟು ಇಳಿಸಬಹುದು ಅಕ್ಕಾ? ನೀವೇ ಹೇಳಿ." ಇಂಚಿನ ಲೆಕ್ಕ ಅವರಿಗೂ ಗೊತ್ತು. ನಾಲ್ಕು ಜನ ತಿರುಗಿ ನೋಡಬೇಕು, ಆದರೆ ನಾಲ್ವರಲ್ಲಿ ಒಬ್ಬರೂ ಏನೂ ಅನ್ನಬಾರದು. ಅದಕ್ಕೆ ಎಷ್ಟು ಇಂಚು ಎಂಬುದು ಅವರ ಪ್ರಶ್ನೆ.

ಹೊಲಿಗೆಯವಳಾಗಿ ನನ್ನ ಉತ್ತರ ಸುಲಭ. ಮುಂದೆ 6 ಅಥವಾ 7, ಹಿಂದೆ 8 ಇಟ್ಟರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಹಿಂದೆ 10 ಬೇಕೆಂದರೆ ಕುತ್ತಿಗೆಯ ಅಗಲ ತಗ್ಗಿಸಬೇಕು, ಮೇಲೊಂದು ಡೋರಿ ಕೊಡಬೇಕು. ಹಿಂದೆಯೂ ಮುಂದೆಯೂ ಒಟ್ಟಿಗೆ ಇಳಿಸಿದರೆ ಭುಜ ಜಾರುತ್ತದೆ. ಇಲ್ಲಿಗೆ ನನ್ನ ವಿದ್ಯೆ ಮುಗಿಯಿತು. ನನ್ನ ಟೇಪಿನಲ್ಲಿ 60 ಇಂಚುಗಳಿವೆ. ಮರ್ಯಾದೆಯ ಗುರುತು ಎಲ್ಲಿಯೂ ಕಂಡಿಲ್ಲ.

ಆದರೆ ಕೇಳಿದವರು ಎದ್ದು ಹೋಗುವುದಿಲ್ಲ. ಆರತಕ್ಷತೆಗೆ 10 ಇಂಚು ಬೇಕೆಂದು ಹಟ ಹಿಡಿದ ಹುಡುಗಿಯೇ, ಅತ್ತೆಮನೆಯ ಗೌರಿ ಹಬ್ಬಕ್ಕೆ ಹೊಲಿಸುವಾಗ "6 ಸಾಕು ಅಕ್ಕಾ" ಎನ್ನುತ್ತಾಳೆ. ಕಚೇರಿಗೆ ಹೋಗುವಾಕೆ ಕತ್ತಿನ ಬುಡದವರೆಗೂ ಮುಚ್ಚುವ ಬೋಟ್ ನೆಕ್ ಹೊಲಿಸಿ, ತಂಗಿಯ ಮದುವೆಗೆ ಬೆನ್ನಿನ ಮಧ್ಯದವರೆಗೆ ಇಳಿಸುತ್ತಾಳೆ. ಬೆನ್ನು ಅದೇ. ಬದಲಾಗಿದ್ದು ಹಿಂದೆ ನಿಂತು ನೋಡುವವರು. ಅಳತೆ ತೆಗೆದುಕೊಳ್ಳುವುದಾದರೆ ಅವರದ್ದನ್ನೇ ತೆಗೆದುಕೊಳ್ಳಬೇಕು, ಅವರಂತೂ ನನ್ನ ಅಂಗಡಿಗೆ ಬರುವುದಿಲ್ಲ.

ಒಮ್ಮೆ ಬಂದಿದ್ದರು ಎನ್ನಬೇಕು. ಸುಮಾರು ಹತ್ತು ವರ್ಷಗಳ ಹಿಂದೆ ತಾಯಿ, ಮಗಳು ಬಂದರು. ಕಾಲೇಜಿನ ಕಾರ್ಯಕ್ರಮಕ್ಕೆ ಹುಡುಗಿ ಮೊದಲ ಬಾರಿ ಸೀರೆ ಉಡುವವಳಿದ್ದಳು. ಹಿಂದೆ 9 ಎಂದಳು, ತಾಯಿ ಸುಮ್ಮನಿದ್ದರು, ನಾನು ಚೀಟಿಯಲ್ಲಿ ಬರೆದುಕೊಂಡೆ. ಸಂಜೆ ತಾಯಿ ಒಬ್ಬರೇ ಮತ್ತೆ ಬಂದರು. "7ಕ್ಕೇ ಕತ್ತರಿಸಿ. ಅವಳು ಕೇಳಿದರೆ ಅಳತೆ ತಪ್ಪಿತು ಎಂದುಬಿಡಿ." ನಮ್ಮ ಕೆಲಸದಲ್ಲಿ ಇದಕ್ಕೊಂದು ನೆಪ ಸಿದ್ಧವಾಗಿಯೇ ಇರುತ್ತದೆ. ಮೇಲೆ ಕತ್ತರಿಸಿದ ಕುತ್ತಿಗೆಯನ್ನು ಆಮೇಲೆ ಇಳಿಸಬಹುದು, ಇಳಿಸಿದ್ದನ್ನು ಏರಿಸಲಾಗದು. ಹಾಗೆಂದು ನನಗೆ ನಾನೇ ಹೇಳಿಕೊಂಡು 7ಕ್ಕೆ ಕತ್ತರಿ ಹಾಕಿದೆ. ಹುಡುಗಿ ಹಾಕಿ ನೋಡಲು ಬಂದವಳು ಕನ್ನಡಿಗೆ ಬೆನ್ನು ತಿರುಗಿಸಿ, ಮೊಬೈಲಿನಲ್ಲಿ ಹಿಂದುಗಡೆಯ ಪ್ರತಿಬಿಂಬವನ್ನು ಬಹಳ ಹೊತ್ತು ನೋಡಿದಳು. "ನೀವು ಅಳತೆ ತಪ್ಪುವವರಲ್ಲ ಅಕ್ಕಾ" ಎಂದಳು. ಅಷ್ಟೇ. ದುಡ್ಡು ಎಣಿಸಿ ಕೊಟ್ಟು ಹೋದವಳು ಮತ್ತೆ ಬರಲಿಲ್ಲ. ತಾಯಿ ಈಗಲೂ ಬರುತ್ತಾರೆ.

ಆ ತಾಯಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಂದು ಸಂಜೆ ಅವರು ಹೇಳಿದ ಕಾರಣ, "ಬಸ್ಸಿನಲ್ಲಿ ಓಡಾಡುವ ಹುಡುಗಿ. ನಾಳೆ ಏನಾದರೂ ಆದರೆ ಏನು ಹಾಕಿಕೊಂಡಿದ್ದಳು ಎಂದೇ ಮೊದಲು ಕೇಳುತ್ತಾರೆ." ಕೇಳುತ್ತಾರೆ, ನಿಜ. ಹೆಣ್ಣಿನ ಉಡುಪು, ನಡತೆಗಳ ಮಾತು ಜಾಮೀನಿನ ಆದೇಶದಲ್ಲಿ ಬರಕೂಡದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಅದಾಗಿ ಒಂದೂವರೆ ವರ್ಷ ತುಂಬುವ ಮೊದಲೇ ಕೋಝಿಕ್ಕೋಡ್‌ನ ಸೆಷನ್ಸ್ ನ್ಯಾಯಾಲಯವೊಂದು, ದೂರು ಕೊಟ್ಟವಳು ಪ್ರಚೋದಿಸುವಂಥ ಉಡುಪು ಧರಿಸಿದ್ದಳು ಎಂದು ಬರೆದು ಆರೋಪಿಗೆ ಜಾಮೀನು ಕೊಟ್ಟಿತು. ಕೇರಳ ಹೈಕೋರ್ಟ್ ಆ ಸಾಲುಗಳನ್ನು ತೆಗೆದುಹಾಕಿತು. ಕಡತದಿಂದ ತೆಗೆಯಬಹುದು, ಆ ತಾಯಿಯ ತಲೆಯಿಂದ ತೆಗೆಯುವುದು ಹೇಗೆ?

ಹಾಗಾದರೆ ಪೂರ್ತಿ ಮುಚ್ಚಿಕೊಂಡರೆ ಮಾತು ನಿಲ್ಲುತ್ತದೆಯೇ? ನೈಟಿಯನ್ನೇ ನೋಡಿ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚುವ, ಮೈಗೆ ಎಲ್ಲಿಯೂ ಅಂಟದ ಬಟ್ಟೆ. ಅದನ್ನು ಹಾಕಿಕೊಂಡು ಹಾಲು ತರಲು ಬೀದಿಗಿಳಿಯುವ ಹೆಂಗಸು ಹೆಗಲ ಮೇಲೊಂದು ಟವೆಲ್ಲನ್ನೋ ವೇಲನ್ನೋ ಹಾಕಿಕೊಳ್ಳುತ್ತಾಳೆ. ಆ ಟವೆಲ್ ಹೊಸದಾಗಿ ಏನನ್ನೂ ಮುಚ್ಚುವುದಿಲ್ಲ, ಬೀದಿಗೆ ತೋರಿಸುವ ಪಾಸು ಅದು. ಸೀರೆಯಲ್ಲಿ ಸೊಂಟ ಕಂಡರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ನೈಟಿಯಲ್ಲಿ ಏನೂ ಕಾಣದಿದ್ದರೂ ಕಣ್ಣು ಕುಕ್ಕುತ್ತದೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಹಳ್ಳಿಯಲ್ಲಿ 2018ರಲ್ಲಿ ಹಗಲು ಹೊತ್ತು ನೈಟಿ ಹಾಕಿದವರಿಗೆ 2,000 ರೂಪಾಯಿ ದಂಡ, ಹಿಡಿದುಕೊಟ್ಟವರಿಗೆ 1,000 ರೂಪಾಯಿ ಇನಾಮು ಎಂದು ಊರ ಹಿರಿಯರು ಕಟ್ಟಳೆ ಮಾಡಿದ್ದರು. ಇನಾಮಿಗೂ ಬೆಲೆ ಕಟ್ಟಿದರು ನೋಡಿ! ಇನ್ನು ತಲೆ ಮುಚ್ಚಿಕೊಂಡ ಹುಡುಗಿಯರನ್ನು 2022ರಲ್ಲಿ ನಮ್ಮದೇ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ವೇಲ್ ಎಲ್ಲಿ ಎಂದು ಕೇಳುವ ಬಾಯಿಯೂ ಹಿಜಾಬ್ ತೆಗೆ ಎನ್ನುವ ಬಾಯಿಯೂ ಬೇರೆ ಬೇರೆ ಎಂದು ನನಗನ್ನಿಸಿಲ್ಲ.

"ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ" ಎಂದು ಕೆಲವರು ನಿಟ್ಟುಸಿರು ಬಿಡುತ್ತಾರೆ. ಹೌದು, ಆಗ ಕುತ್ತಿಗೆಯ ಜಗಳವಿರಲಿಲ್ಲ, ರವಿಕೆಯದೇ ಜಗಳ. ಈಗಿನ ಕೇರಳದ ಕಡೆಯ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಜಾತಿಯ ಹೆಂಗಸರು ಎದೆ ಮುಚ್ಚಿಕೊಂಡರೆ ಮೇಲ್ಜಾತಿಯವರು ಬಟ್ಟೆ ಹರಿಯುತ್ತಿದ್ದರು. ದಶಕಗಳ ಹೊಡೆದಾಟದ ನಂತರ 1859ರಲ್ಲಿ ಮಹಾರಾಜರ ಅಪ್ಪಣೆಯಾಯಿತು, ಅದೂ ಮೇಲ್ಜಾತಿಯ ಹೆಂಗಸರಂತೆ ಉಡಬಾರದು ಎಂಬ ಷರತ್ತಿನೊಂದಿಗೆ. ನಮ್ಮ ಕಡೆಯ ಮಡಿ ಹೆಂಗಸರಿಗೆ ಗಂಡ ಸತ್ತ ಮೇಲೆ ರವಿಕೆಯೇ ನಿಷಿದ್ಧವಾಗಿತ್ತು. ನಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರು. ಬೋಳಿಸಿದ ತಲೆ, ಕೆಂಪು ಸೀರೆ, ಸೆರಗನ್ನು ಹೆಗಲ ಸುತ್ತ ಬಿಗಿದುಕೊಂಡು ಗೋಡೆಯ ಬದಿಯಲ್ಲೇ ನಡೆಯುತ್ತಿದ್ದರು. ಒಂದು ಊರಿನಲ್ಲಿ ಹಾಕಿದರೆ ತಪ್ಪು, ಇನ್ನೊಂದು ಮನೆಯಲ್ಲಿ ಹಾಕುವಂತಿಲ್ಲ. ಇದೇ ಕಣ, ಒಂದು ಮೀಟರಿಗೂ ಕಡಿಮೆ.

ಗಂಡಸರು ಪಂಚೆ, ರುಮಾಲು ಬಿಟ್ಟು ಪ್ಯಾಂಟಿಗೆ ಬಂದಾಗ ಸಂಸ್ಕೃತಿಗೆ ನೆಗಡಿಯೂ ಆಗಲಿಲ್ಲ. 2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದರಲ್ಲಿ ಒಳಗೆ ಬಿಡದಿದ್ದಾಗ ವಿಧಾನಸಭೆಯಲ್ಲಿ ಮಾತಾಯಿತು, ಏಳು ದಿನ ಮುಚ್ಚಬೇಕೆಂದು ಹೇಳಿ ಸರ್ಕಾರ ಮಾಲ್ ಮುಚ್ಚಿಸಿತು. ಒಳ್ಳೆಯದೇ ಆಯಿತು. ವೇಲ್ ಹಾಕಿಲ್ಲವೆಂದು ಬೈಸಿಕೊಂಡ ಹುಡುಗಿಗಾಗಿ ಒಂದು ದಿನ ಯಾವುದಾದರೂ ಬಾಗಿಲು ಹಾಕಿದ್ದನ್ನು ನಾನು ನೋಡಿಲ್ಲ.

ಕನ್ನಡಕ್ಕೆ ಈ ಪ್ರಶ್ನೆ ಹಳೆಯದು. 12ನೇ ಶತಮಾನದಲ್ಲಿ ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಬಟ್ಟೆಯ ವಿಷಯಕ್ಕೇ ತಡೆದು ಕೇಳಿದನಂತೆ: ಸೀರೆ ಬಿಟ್ಟ ಮೇಲೆ ಕೂದಲಿನಿಂದ ಮೈ ಮರೆಮಾಡಿದ್ದೇಕೆ? ನೋಡುವ ನಿಮಗೆ ನೋವಾದೀತೆಂದು ಮುಚ್ಚಿದೆ, ಎಂಬುದು ಅವಳ ಉತ್ತರದ ಒಂದು ಭಾಗ. ತಿಳಿದವರು ಅದಕ್ಕೆ ದೊಡ್ಡ ಅರ್ಥ ಹೇಳುತ್ತಾರೆ. ಹೊಲಿಗೆಯವಳಿಗೆ ಕೇಳಿಸುವುದು ಇಷ್ಟು: ಆ ಮರೆ ನನಗಾಗಿ ಅಲ್ಲ.

ಆ ಹುಡುಗಿ ಹೋದ ಮೇಲೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೇನೆ. ಜೊತೆಗೆ ಬಂದವರು ಹೊರಗಿನ ಬೆಂಚಿನ ಮೇಲೆ ಕೂರಬೇಕು. ಹೊಲಿಸುವವಳು ಪರದೆಯೊಳಗೆ ಕನ್ನಡಿಯ ಮುಂದೆ ನಿಲ್ಲುತ್ತಾಳೆ. ತನ್ನ ಬೆನ್ನಿನ ಮೇಲೆ ತಾನೇ ಗುರುತು ಹಾಕಿಕೊಳ್ಳಲಾಗದಲ್ಲ, ಹಾಗಾಗಿ ಕತ್ತಿನ ಬುಡದಿಂದ ನನ್ನ ಬೆರಳು ಮೆಲ್ಲಗೆ ಇಳಿಯುತ್ತದೆ. ಅವಳು ಸಾಕು ಎಂದಲ್ಲಿ ನಿಲ್ಲುತ್ತದೆ. ಅಲ್ಲಿಗೆ ಟೇಪು ಹಿಡಿದು ಬರೆದುಕೊಳ್ಳುತ್ತೇನೆ.

ಕಳೆದ ತಿಂಗಳು ನಿವೃತ್ತ ಶಿಕ್ಷಕಿಯೊಬ್ಬರು ಮಗನ ಮದುವೆಗೆಂದು ಮೈಸೂರು ರೇಷ್ಮೆಯ ಕಣ ತಂದಿದ್ದರು. ಬೆರಳು 5, 6, 7 ದಾಟಿತು. ಅವರು ಮಾತೇ ಆಡಲಿಲ್ಲ. ಎಲ್ಲಿ ನಿಲ್ಲಿಸಲಿ ಎಂದು ನಾನೇ ಕೇಳಿದೆ.

"ಗೊತ್ತಾಗುತ್ತಿಲ್ಲಮ್ಮ" ಎಂದರು. "ಮೊದಲು ನಮ್ಮ ತಾಯಿ ಹೇಳುತ್ತಿದ್ದರು, ಆಮೇಲೆ ನಮ್ಮತ್ತೆ. ಈಗ ಬರುವ ಸೊಸೆ ಏನಂದುಕೊಳ್ಳುತ್ತಾಳೋ. ಎರಡು ದಿನ ಬಿಟ್ಟು ಹೇಳುತ್ತೇನೆ."

ಕಣ ಇನ್ನೂ ಚೀಲದಲ್ಲೇ ಇದೆ. ಪಿನ್ನು ಚುಚ್ಚಿದ ಚೀಟಿಯಲ್ಲಿ ಎದೆ, ಸೊಂಟ, ತೋಳು, ಉದ್ದ ಎಲ್ಲ ಬರೆದಿದ್ದೇನೆ. ಹಿಂದಿನ ಕುತ್ತಿಗೆ ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ.