ಅಜ್ಜಿಯ ಬಿಳಿಕೂದಲು ಎಲ್ಲಿ ಹೋಯ್ತು?

ಫೆಬ್ರವರಿಯ ಒಂದು ಭಾನುವಾರ ಅಕ್ಕನ ಮಗನ ಜೊತೆ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ನನ್ನ ಹೆಗಲಲ್ಲಿ ಹಳೇ ನಿಕಾನ್ ಡಿ7200 ಕ್ಯಾಮೆರಾ, ಅದಕ್ಕೊಂದು ದೂರದ್ದನ್ನು ಹತ್ತಿರ ತೋರಿಸೋ 200-500 ಎಂಎಂ ಲೆನ್ಸ್. ಲೆನ್ಸ್ ಒಂದೇ 2.3 ಕೆಜಿ. ಅವನ ಜೇಬಲ್ಲಿ ಬರೀ ಫೋನು.

"ಮಾವ, ಹಕ್ಕಿ ಹೊಡೆಯೋಕೆ ಬಂದಿದ್ದೀರಾ?" ಅಂತ ಕಿಚಾಯಿಸಿದ.

ಮರದ ತುದಿಯಲ್ಲಿ ಕೂತ ಹೆಜ್ಜಾರ್ಲೆಯನ್ನು ಇಬ್ಬರೂ ತೆಗೆದೆವು. ಅವನ ಫೋನಿಗೆ ದೂರದ ಲೆನ್ಸ್ ಇಲ್ಲ. ಬೆರಳು ಅಗಲಿಸಿದಷ್ಟೂ ಇರೋ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತೆ. ಗರಿಗಳೆಲ್ಲ ಸುಣ್ಣ ಬಳಿದ ಹಾಗೆ ಬಂದವು. ನನ್ನದರಲ್ಲಿ ಕೊಕ್ಕಿನ ಉದ್ದಕ್ಕೂ ಇರೋ ಚುಕ್ಕಿಗಳನ್ನು ಎಣಿಸಬಹುದಿತ್ತು. ಸ್ವಲ್ಪ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಏಳಕ್ಕೆ ಮೈಸೂರು ಅರಮನೆ ಮುಂದೆ ಆ ಜಂಭ ಇಳಿಯಿತು. ದೀಪ ಹತ್ತಿದ್ದೇ ತಡ, ಅವನು ಫೋನ್ ಎತ್ತಿ ಒಂದು ಸಲ ಒತ್ತಿದ. ಫೋನು ಕಣ್ಣು ಮಿಟುಕಿಸೋದರಲ್ಲಿ ಹಲವು ಫೋಟೋ ತೆಗೆದು ಬೆರೆಸುತ್ತಲ್ಲ, ಬಲ್ಬೂ ಬಂತು, ನೀಲಿ ಆಕಾಶವೂ ಬಂತು. ನನ್ನದರಲ್ಲಿ ಬಲ್ಬು ಸರಿಮಾಡಿದರೆ ಜನ ಕಪ್ಪು, ಜನರನ್ನು ಸರಿಮಾಡಿದರೆ ಗೋಪುರ ಬರೀ ಬಿಳಿ. ಬೆಳಕು ಹೆಚ್ಚು ಕಡಿಮೆ ಮಾಡಿ ಮೂರು ಫೋಟೋ ತೆಗೆದು ಆಮೇಲೆ ಸೇರಿಸೋಣ ಅಂದುಕೊಂಡೆ. ಅವು ಇನ್ನೂ ಕಾರ್ಡಲ್ಲೇ ಇವೆ. ಅವನದು ನಾವು ಮನೆ ಮುಟ್ಟೋ ಮೊದಲೇ ಅಕ್ಕನ ಸ್ಟೇಟಸ್‌ನಲ್ಲಿತ್ತು.

ಆದರೆ ನನಗೆ ನಿಜವಾಗಿ ತಲೆಕೆಟ್ಟಿದ್ದು ಅಜ್ಜಿಯ ಫೋಟೋ ನೋಡಿ. ಅವತ್ತು ಮಧ್ಯಾಹ್ನ ಊಟಕ್ಕೆ ನಮ್ಮೂರಿಗೆ ಹೋಗಿದ್ದೆವು. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿಂದಿನಿಂದ ಬಿಸಿಲು. ಕ್ಯಾಮೆರಾ ಬ್ಯಾಗಲ್ಲಿತ್ತು, ಫೋನ್ ಕೈಯಲ್ಲಿತ್ತು. ಹಿನ್ನೆಲೆ ಮಸುಕು ಮಾಡೋ ಪೋರ್ಟ್ರೇಟ್ ಮೋಡ್ ಹಾಕಿ ತೆಗೆದೆ. ಪರದೆ ಮೇಲೆ ಸೊಗಸಾಗಿತ್ತು. 12x18 ಇಂಚಿನ ಪ್ರಿಂಟ್ ಹಾಕಿಸಿದಾಗ ಬಣ್ಣ ಬಯಲಾಯಿತು. ಬಿಸಿಲಿಗೆ ಹೊಳೆಯುತ್ತಿದ್ದ ಹಾರುಗೂದಲು ಒಂದೂ ಇಲ್ಲ, ತಲೆ ಸುತ್ತ ಕತ್ತರಿ ಆಡಿಸಿದ ಹಾಗೆ. ಕೆನ್ನೆಯ ಸುಕ್ಕೆಲ್ಲ ಇಸ್ತ್ರಿ ಮಾಡಿದಂತೆ ಮಾಯ.

ತಪ್ಪು ಫೋನಿನದ್ದೂ ಅಲ್ಲ ಬಿಡಿ. ನನ್ನ ಕ್ಯಾಮೆರಾದಲ್ಲಿ ಬೆಳಕು ಹಿಡಿದು ಚಿತ್ರ ಮಾಡೋ ಸೆನ್ಸರ್ 23.5 ಮಿ.ಮೀ. ಅಗಲ. ಒಳ್ಳೆ ಫೋನುಗಳಲ್ಲೂ ಅದು ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು. ಅಷ್ಟು ಚಿಕ್ಕದರಲ್ಲಿ ಹಿನ್ನೆಲೆ ತಾನಾಗಿ ಅಷ್ಟು ಮಸುಕಾಗಲ್ಲ. ತಲೆ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಅಂತ ಫೋನೇ ಅಂದಾಜು ಮಾಡಬೇಕು. ಕೂದಲಿನ ಎಳೆ ಹತ್ತಿರ ಆ ಅಂದಾಜು ಎಡವುತ್ತೆ.

ಅಜ್ಜಿಗೆ ಫ್ರೇಮ್ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

"ಇದ್ಯಾರ್ಲಾ ಮಗ? ನಿಮ್ಮತ್ತೆನಾ?"

ಮುಂದಿನ ವಾರ 35 ಎಂಎಂ ಲೆನ್ಸ್ ಹಾಕ್ಕೊಂಡು ಹೋದೆ. ಅದೇ ಜಗಲಿ, ಅದೇ ಬಿಸಿಲು. ಕ್ಯಾಮೆರಾ ಕಂಡಿದ್ದೇ ಅಜ್ಜಿ "ಇರ್ಲಾ, ಬಂದೆ" ಅಂತ ಒಳಗೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದಳು. ಕೊಬ್ಬರಿ ಎಣ್ಣೆ ಹಚ್ಚಿ, ಒಂದೆಳೆಯೂ ಹಾರದ ಹಾಗೆ ತಲೆ ಬಾಚಿಕೊಂಡಿದ್ದಳು.